ಗುಲ್ಮವನ್ನು ಅರ್ಧವಾದರೂ ಉಳಿಸಬಹುದೇ?

ಪ್ರಶ್ನೆ: ಅಪ್ಪನಿಗೆ 63 ವರ್ಷ. ಗುಲ್ಮ (ಸ್ಪ್ಲೀನ್) ಊದಿ 19 ಸೆಂ.ಮೀ. ಆಗಿದೆ. ಮಂಗಳೂರಿನಲ್ಲಿ ತೋರಿಸಿದಾಗ ಸ್ಪ್ಲೀನಿಕ್ ಮಾರ್ಜಿನಲ್ ಝೋನ್ ಲಿಂಫೋಮಾ (ಗುಲ್ಮದಲ್ಲಿ ಬರುವ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್) ಎಂದರು. ಗುಲ್ಮ ಪೂರ್ತಿ ತೆಗೆದರೆ ಸೋಂಕಿನ ಭಯವಂತೆ. ಕೆಟ್ಟ ಭಾಗವನ್ನಷ್ಟೇ ಕತ್ತರಿಸಿ ಉಳಿದದ್ದನ್ನು ಬಿಡಲು ಆಗದೇ?
– ಓದುಗರು, ಬದಿಯಡ್ಕ

ಉತ್ತರ: ಈ ಕಾಯಿಲೆಯಲ್ಲಿ ಆಗದು. ಇದು ಒಂದು ಮೂಲೆಯಲ್ಲಿ ಗಡ್ಡೆ ಕಟ್ಟಿ ಕೂರುವುದಿಲ್ಲ. ಇಡೀ ಗುಲ್ಮದಲ್ಲಿ, ಹೆಚ್ಚಿನವರಿಗೆ ಮೂಳೆಮಜ್ಜೆಯಲ್ಲೂ ಹರಡಿರುತ್ತದೆ. ಅರ್ಧ ಉಳಿಸಿದರೆ ಕಾಯಿಲೆಯನ್ನೂ ಉಳಿಸಿದಂತೆ. ಭಾಗಶಃ ತೆಗೆಯುವುದು ನೀರುಗುಳ್ಳೆ, ಕ್ಯಾನ್ಸರಲ್ಲದ ಗಡ್ಡೆ, ಅಥವಾ ಒಂದೇ ತುದಿಯಲ್ಲಿ ಏನೆಂದು ತಿಳಿಯದ ಒಂಟಿ ಗಡ್ಡೆ ಇದ್ದಾಗ. ಗುಲ್ಮದ ರಕ್ತನಾಳ ಒಳಹೊಗುವ ಮೊದಲೇ ಕವಲೊಡೆಯುತ್ತದೆ. ಆ ತುದಿಯ ಕವಲನ್ನು ಕಟ್ಟಿದರೆ ಅಷ್ಟು ಭಾಗ ಕಪ್ಪಾಗಿ ನಡುವೆ ಗೆರೆ ಮೂಡುತ್ತದೆ. ಸರ್ಜನ್ ಆ ಗೆರೆಗಿಂತ ತುಸು ಕಪ್ಪು ಬದಿಗೇ ಸರಿದು ಕತ್ತರಿಸುತ್ತಾರೆ. ಕೆಂಪು ಬದಿಗೆ ಹೋದರೆ ರಕ್ತ ನಿಲ್ಲಿಸುವುದು ಕಷ್ಟ. ಕನಿಷ್ಠ ಕಾಲುಭಾಗ, ಅದೂ ತನ್ನ ರಕ್ತನಾಳದೊಂದಿಗೆ ಉಳಿದರೆ ಮಾತ್ರ ಪ್ರಯೋಜನ.

ನಿಮ್ಮ ಅಪ್ಪನ ವಿಷಯದಲ್ಲಿ ಗುಲ್ಮ ಉಳಿಸುವ ದಾರಿ ಔಷಧಿಯೇ. ತೊಂದರೆ ಇಲ್ಲದಿದ್ದರೆ, ರಕ್ತಕಣಗಳೂ ಇಳಿಯದಿದ್ದರೆ ಬರೀ ತಪಾಸಣೆ ಸಾಕು. ಹೆಪಟೈಟಿಸ್ ಸಿ ಇದ್ದರೆ ಮೊದಲು ಅದರ ಮಾತ್ರೆ. ವೈರಸ್ ಹೋದ ಮೇಲೆ ಹಲವರಲ್ಲಿ ಲಿಂಫೋಮಾ ತಾನೇ ಹಿಂಜರಿಯುತ್ತದೆ. ಇಲ್ಲವಾದರೆ ರಕ್ತನಾಳದ ಮೂಲಕ ಕೊಡುವ ರಿಟುಕ್ಸಿಮ್ಯಾಬ್ ಎಂಬ ಔಷಧಿ: ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 375 ಮಿ.ಗ್ರಾಂ., ಸಾಮಾನ್ಯವಾಗಿ ವಾರಕ್ಕೊಂದರಂತೆ 4 ವಾರ. ಬಹುಪಾಲು ಜನರಿಗೆ ಗುಲ್ಮದ ಊತ ಇಳಿಯುತ್ತದೆ. ಅದಕ್ಕೆ ಮೊದಲು ಹೆಪಟೈಟಿಸ್ ಬಿ ಪರೀಕ್ಷೆ ಆಗಲೇಬೇಕು, ಅಡಗಿದ್ದ ವೈರಸ್ ಈ ಔಷಧಿಯಿಂದ ಎದ್ದು ಯಕೃತ್ತನ್ನೇ ಕೆಡಿಸಬಹುದು.

ಹೆಚ್ಚಾಗಿ ತಪ್ಪಿಹೋಗುವುದು ಲಸಿಕೆ. ದಯವಿಟ್ಟು ಇದನ್ನು ವೈದ್ಯರಲ್ಲಿ ನೀವೇ ಕೇಳಿ. ರಿಟುಕ್ಸಿಮ್ಯಾಬ್ ಪ್ರತಿಕಾಯ (ಆಂಟಿಬಾಡಿ) ತಯಾರಿಸುವ ಬಿ ಕಣಗಳೆಂಬ ಬಿಳಿ ರಕ್ತಕಣಗಳನ್ನೇ ಅಳಿಸುತ್ತದೆ. ಆಮೇಲೆ ಸುಮಾರು 6 ತಿಂಗಳು ಲಸಿಕೆ ಹಾಕಿದರೂ ಅಷ್ಟಕ್ಕಷ್ಟೇ. ಮುಂದೆ ಗುಲ್ಮ ತೆಗೆಯುವ ಸಾಧ್ಯತೆಯಿದ್ದರೆ ನ್ಯುಮೋಕಾಕಲ್, ಮೆನಿಂಗೋಕಾಕಲ್, ಹಿಬ್ ಎಂಬ ಮೂರು ಬ್ಯಾಕ್ಟೀರಿಯಾ ಸೋಂಕುಗಳ ಲಸಿಕೆಗಳನ್ನು ಔಷಧಿ ಆರಂಭಿಸುವ ಕನಿಷ್ಠ 2 ವಾರ ಮೊದಲೇ ಹಾಕಿಸಿಬಿಡಿ. ಚಿಕಿತ್ಸೆ ತುರ್ತಾಗಿ ಬೇಕಿದ್ದರೆ ಮಾತ್ರ ಲಸಿಕೆಗಾಗಿ ಕಾಯಬಾರದು.

ಪ್ರಶ್ನೆ: ಲಿಂಫೋಮಾಕ್ಕಾಗಿ ಗುಲ್ಮ ತೆಗೆಸಿ 4 ವರ್ಷವಾಯಿತು. ಈಗಲೂ ಜ್ವರಕ್ಕೆ ಹೆದರಬೇಕೇ?
– ಓದುಗರು, ಮಂಜೇಶ್ವರ

ಉತ್ತರ: ಹೌದು. ಮೊದಲ 2–3 ವರ್ಷ ಸೋಂಕಿನ ಅಪಾಯ ಹೆಚ್ಚು, ಆದರೆ ಜೀವನಪೂರ್ತಿ ಇರುತ್ತದೆ. ಮೈಶಾಖ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಥವಾ ನಡುಕ ಬಂದರೆ ಪ್ಯಾರಾಸಿಟಮಾಲ್ ನುಂಗಿ ಬೆಳಗಿನವರೆಗೆ ಮಲಗಬೇಡಿ; ಕೆಲವೇ ಗಂಟೆಗಳಲ್ಲಿ ರಕ್ತದೊತ್ತಡ ಕುಸಿಯಬಹುದು. ವೈದ್ಯರು ಬರೆದುಕೊಟ್ಟ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್ ಮನೆಯಲ್ಲಿರಲಿ (ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆಯದು). ಮೊದಲ ಡೋಸ್ ತೆಗೆದುಕೊಂಡು ನೇರ ಆಸ್ಪತ್ರೆಗೆ ಹೋಗಿ, ಮಲೇರಿಯಾ ಪರೀಕ್ಷೆಯನ್ನೂ ಕೇಳಿ. ನಾಯಿ ಕಚ್ಚಿದರೆ ರೇಬಿಸ್ ಚುಚ್ಚುಮದ್ದಿನ ಜೊತೆಗೆ ಆಂಟಿಬಯೋಟಿಕ್ ಕೂಡ ಬೇಕು, ಗಾಯ ಎಷ್ಟೇ ಸಣ್ಣದಿರಲಿ.

‘ಗುಲ್ಮ ಇಲ್ಲ’ ಎಂಬ ಚೀಟಿ ಕಿಸೆಯಲ್ಲಿರಲಿ, ಕನ್ನಡ, ಮಲಯಾಳ, ಇಂಗ್ಲಿಷ್ ಮೂರರಲ್ಲೂ. ತುರ್ತಿನಲ್ಲಿ ತಲಪಾಡಿ ಗಡಿಯ ಆಚೆ ಕರ್ನಾಟಕಕ್ಕೆ ಹೋಗುತ್ತೀರೋ ಕಾಸರಗೋಡಿಗೋ ಹೇಳಲಾಗದು. ಹಾಕಿಸಿದ ಲಸಿಕೆಗಳ ತಾರೀಕನ್ನೂ ಅದರಲ್ಲೇ ಬರೆದಿಡಿ. ಮೆನಿಂಗೋಕಾಕಲ್ ಲಸಿಕೆ 5 ವರ್ಷಕ್ಕೊಮ್ಮೆ, ಫ್ಲೂ ಲಸಿಕೆ ವರ್ಷಕ್ಕೊಮ್ಮೆ.