ಟೊಮೆಟೊ ವ್ಯಾಪಾರಿ ಉದ್ಯಮಿಯೇ, ದಲ್ಲಾಳಿಯೇ?

ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಕೊಂಡು ಚೆನ್ನೈಗೆ ಕಳುಹಿಸುವ ನಿಮ್ಮ ತಂದೆಯವರನ್ನು ಅರ್ಥಶಾಸ್ತ್ರ ಉದ್ಯಮಿ ಎನ್ನುತ್ತದೆಯೇ, ಬರೀ ದಲ್ಲಾಳಿ ಎನ್ನುತ್ತದೆಯೇ ಎಂದು ಕೇಳಿದ್ದೀರಿ. ಖಂಡಿತವಾಗಿ ಉದ್ಯಮಿ. ದಲ್ಲಾಳಿ ಕಮಿಷನ್ ಪಡೆದು ಪಕ್ಕಕ್ಕೆ ಸರಿಯುತ್ತಾನೆ. ನಿಮ್ಮ ತಂದೆಯವರು ಸರಕನ್ನೇ ತಮ್ಮದಾಗಿಸಿಕೊಳ್ಳುತ್ತಾರೆ.

ಅರ್ಥಶಾಸ್ತ್ರದಲ್ಲಿ ಈ ಪಾತ್ರಕ್ಕೆ ಮೊದಲು ತೂಕ ಕೊಟ್ಟ ರಿಚರ್ಡ್ ಕ್ಯಾಂಟಿಲನ್ (ಅವರ ಕೃತಿ ಅಚ್ಚಾದದ್ದು 1755ರಲ್ಲಿ, ಅವರು ತೀರಿಕೊಂಡ ಮೇಲೆ) ವಿವರಿಸಿದ್ದು ಇಂಥವರನ್ನೇ: ಗೊತ್ತಿರುವ ಬೆಲೆಗೆ ಕೊಂಡು, ಗೊತ್ತಿಲ್ಲದ ಬೆಲೆಗೆ ಮಾರುವವರು. ಹರಾಜಿನಲ್ಲಿ 15 ಕೆ.ಜಿ. ಬಾಕ್ಸ್‌ಗೆ ಕೂಗಿದ ದರ ಖಚಿತ. ಲಾರಿ ಚೆನ್ನೈ ಮುಟ್ಟುವ ಹೊತ್ತಿಗೆ ಅಲ್ಲಿನ ದರ ಎಷ್ಟಿರುತ್ತದೆಯೋ! ಲಾರಿ ಪಲ್ಟಿಯಾದರೆ ವಿಮೆಯಿದೆ, ದರ ಬಿದ್ದರೆ ಇಲ್ಲ. 1921ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಫ್ರಾಂಕ್ ನೈಟ್ ಎಳೆದ ಗೆರೆಯೂ ಇದೇ: ಅಳೆಯಬಹುದಾದ ಅಪಾಯ ಬೇರೆ, ಅಳೆಯಲಾಗದ ಅನಿಶ್ಚಿತತೆ ಬೇರೆ, ಲಾಭ ಹುಟ್ಟುವುದು ಎರಡನೆಯದರಿಂದ.

ಇನ್ನೊಬ್ಬ ಅರ್ಥಶಾಸ್ತ್ರಜ್ಞ ಜೋಸೆಫ್ ಶುಂಪೀಟರ್ ಮಾತ್ರ ಇದನ್ನು ಒಪ್ಪುತ್ತಿರಲಿಲ್ಲ. ಅವರಿಗೆ ಉದ್ಯಮಿ ಎಂದರೆ ಹೊಸ ಸರಕು, ಹೊಸ ವಿಧಾನ, ಹೊಸ ಮಾರುಕಟ್ಟೆ ತರುವವನು. ನಷ್ಟದ ಹೊರೆ ಬಂಡವಾಳ ಕೊಟ್ಟವನದು ಎಂಬುದು ಅವರ ವಾದ. ಈ ಕೊನೆಯ ಮಾತು ನನಗೆ ಒಪ್ಪಿಗೆಯಿಲ್ಲ. ದರ ಕುಸಿದ ವಾರ ಮಂಡಿಯಲ್ಲಿ ನಿಂತು ನೋಡಿದವರಿಗೆ ಹೊರೆ ಯಾರ ಹೆಗಲ ಮೇಲಿದೆ ಎಂಬುದು ತಿಳಿಯುತ್ತದೆ. ಆದರೆ ಕೋಲಾರದ ಟೊಮೆಟೊವನ್ನು ಮೊದಲ ಬಾರಿಗೆ ಚೆನ್ನೈಗೆ ಒಯ್ದವರು ಯಾರೋ, ಅವರನ್ನು ಶುಂಪೀಟರ್ ಕೂಡ ಉದ್ಯಮಿ ಎನ್ನುತ್ತಿದ್ದರು.