ವಾಕರಿಕೆ ಒಂದು ದಿನ ನಿಂತರೆ ಭಯಪಡಬೇಕಾ?

ಪ್ರಶ್ನೆ: ನನಗೀಗ ಬಸಿರಿನ ಏಳನೇ ವಾರ. ಸಂಜೆಯಾದರೆ ವಾಕರಿಕೆ. ಆಫೀಸಿನಲ್ಲಿ ಕೂತಲ್ಲೇ ನಿದ್ದೆ. ನಿನ್ನೆ ಮಾತ್ರ ವಾಕರಿಕೆಯೇ ಇರಲಿಲ್ಲ. ಮಗುವಿಗೆ ಏನಾದರೂ ಆಯ್ತಾ ಅಂತ ರಾತ್ರಿಯೆಲ್ಲ ನಿದ್ದೆ ಬರಲಿಲ್ಲ ಡಾಕ್ಟರೇ.

ಉತ್ತರ: ಹಗಲು ನಿದ್ದೆ ತಡೆಯೋಕಾಗಲ್ಲ, ರಾತ್ರಿ ಭಯಕ್ಕೆ ನಿದ್ದೆ ಬರಲ್ಲ, ಅಲ್ವಾ? ವಾಕರಿಕೆ ದಿನವೂ ಒಂದೇ ಸಮ ಇರುವುದಿಲ್ಲ. ಒಂದು ದಿನ ಬಿಟ್ಟಿತು ಅಂದ ಮಾತ್ರಕ್ಕೆ ಕೆಟ್ಟದ್ದು ಅಂದುಕೊಳ್ಳಬೇಡಿ. ಸಾಮಾನ್ಯವಾಗಿ ಇದು 6ನೇ ವಾರದ ಹೊತ್ತಿಗೆ ಶುರುವಾಗಿ, 9ರ ಆಸುಪಾಸು ಜಾಸ್ತಿಯಾಗಿ, 16ರೊಳಗೆ ಹೆಚ್ಚಿನವರಿಗೆ ಇಳಿಯುತ್ತದೆ. ಬೆಳಗ್ಗೆಯೇ ಬರಬೇಕೆಂದೇನಿಲ್ಲ. ಡಾಕ್ಟರಾಗಿದ್ದೂ ನಾನು ಮೊದಲ ಬಸಿರಿನಲ್ಲಿ ಟೂತ್‌ಪೇಸ್ಟ್ ವಾಸನೆಗೇ ಬೇಸಿನ್ ಹಿಡಿದು ನಿಂತವಳು. ಬ್ರಷ್ಷಿಗೆ ಬರೀ ನೀರು ಹಚ್ಚಿ ಉಜ್ಜುತ್ತಿದ್ದೆ. ಹಾಸಿಗೆ ಪಕ್ಕ ಎರಡು ಒಣ ಬಿಸ್ಕತ್ತು ಇಟ್ಟುಕೊಂಡು, ಏಳುವ ಮೊದಲೇ ತಿನ್ನುತ್ತಿದ್ದೆ. ಹೊಟ್ಟೆ ಖಾಲಿ ಬಿಟ್ಟಷ್ಟೂ ಕಾಟ ಜಾಸ್ತಿ.

ನಿದ್ದೆ ಸೋಮಾರಿತನ ಅಲ್ಲ, ಪ್ರೊಜೆಸ್ಟರಾನ್ ಹಾರ್ಮೋನಿನ ಕೆಲಸ. ಸಿಕ್ಕಾಗ ಮಲಗಿಬಿಡಿ. ಪದೇಪದೇ ಮೂತ್ರ, ಸ್ತನಗಳಲ್ಲಿ ನೋವು, ಸುಮ್‌ಸುಮ್ನೆ ಅಳು, ಇವೂ ಬರಬಹುದು.

ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುತ್ತೇವೆ. ಹಾಗಾಗಿ ನಿಮ್ಮ ಮಗುವಿಗೆ ಈಗ ಸುಮಾರು ಐದೇ ವಾರ. 12ನೇ ವಾರ ಮುಗಿಯುವವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ವಿಟಮಿನ್ ಮಾತ್ರೆ ತಪ್ಪಿಸಬೇಡಿ. ಡಾಕ್ಟರ್ ಜಾಸ್ತಿ ಬರೆದುಕೊಟ್ಟಿದ್ದರೆ ಅಷ್ಟೇ ತಗೊಳ್ಳಿ.

ರಕ್ತ ಕಂಡರೆ, ಒಂದು ಹನಿಯಾದರೂ, ನಿಮ್ಮ ಡಾಕ್ಟರಿಗೆ ತಿಳಿಸಿ. ಜಾಸ್ತಿ ಹೋದರೆ, ಹೊಟ್ಟೆಯ ಒಂದೇ ಬದಿ ಜೋರು ನೋವು ಬಂದರೆ, ತಲೆ ಸುತ್ತಿ ಬಿದ್ದರೆ, ಕುಡಿದ ನೀರೂ ಇಡೀ ದಿನ ನಿಲ್ಲದಿದ್ದರೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.