ಇಂಗ್ಲೆಂಡಿನ ವೈದ್ಯರನ್ನು ನಂಬಬಹುದೇ ಎಂದು ಕೇಳಿದವರಿಗೆ

ನಮಸ್ಕಾರ. ಯಜಮಾನರಿಗೆ ಮ್ಯಾಂಚೆಸ್ಟರಿನಲ್ಲಿ ಕೆಲಸ ಸಿಕ್ಕಿದೆ, ಐದು ವರ್ಷದ ಮಗನಿಗೆ ಆಗಾಗ ಉಬ್ಬಸ ಬರುತ್ತದೆ, ಸಕ್ಕರೆ ಕಾಯಿಲೆಯಿರುವ ಅತ್ತೆಯವರೂ ಕೆಲವು ತಿಂಗಳ ಮಟ್ಟಿಗೆ ಬಂದಿರಲಿದ್ದಾರೆ, ಆದರೆ ಅಲ್ಲಿನ ವೈದ್ಯರು ಏನೇ ಹೇಳಿದರೂ ಪ್ಯಾರಾಸಿಟಮಾಲ್ ಕೊಟ್ಟು ಕಳಿಸುತ್ತಾರಂತೆ, ಹುಬ್ಬಳ್ಳಿಯಲ್ಲಿ ಸಿಗುವಷ್ಟು ಚಿಕಿತ್ಸೆಯೂ ಅಲ್ಲಿಲ್ಲವಂತೆ, ನಿಜವೇ ಎಂದು ಕೇಳಿದ್ದೀರಿ. ಬಹಳ ವರ್ಷಗಳಿಂದ ಇಲ್ಲಿಯೇ ಸಂಸಾರ ಮಾಡಿಕೊಂಡಿರುವ ನನಗೆ ಅನ್ನಿಸುವುದಿಷ್ಟು: ಚಿಕಿತ್ಸೆಯ ಗುಣಮಟ್ಟದ ಬಗ್ಗೆ ಅಂಜಿಕೆ ಬೇಡ, ಆದರೆ ಚಿಕಿತ್ಸೆಯವರೆಗೆ ತಲುಪುವ ದಾರಿ ನಿಧಾನದ್ದು, ಬಾಯಿಬಿಟ್ಟು ಹೇಳಿಕೊಳ್ಳದವರಿಗೆ ಇನ್ನೂ ನಿಧಾನದ್ದು.

ಹುಬ್ಬಳ್ಳಿಯಲ್ಲಿ ಮಗುವಿಗೆ ಜ್ವರ ಬಂದರೆ ಸಂಜೆ ನೇರವಾಗಿ ಮಕ್ಕಳ ತಜ್ಞರ ಕ್ಲಿನಿಕ್ಕಿಗೆ ಹೋಗಿ ಪಾಳಿಯಲ್ಲಿ ಕುಳಿತುಕೊಳ್ಳುತ್ತೇವೆ. ಇಲ್ಲಿ ಎನ್‌ಎಚ್‌ಎಸ್ ಎಂಬ ಸರ್ಕಾರಿ ಆರೋಗ್ಯ ವ್ಯವಸ್ಥೆಯಲ್ಲಿ ಹಾಗೆ ತಜ್ಞರ ಬಳಿಗೆ ಹೋಗುವಂತಿಲ್ಲ. ಮನೆಯ ಸಮೀಪದ ಜಿ.ಪಿ.ಯ, ಅಂದರೆ ಕುಟುಂಬ ವೈದ್ಯರ, ಬಳಿ ಹೆಸರು ನೋಂದಾಯಿಸಿ, ತಜ್ಞರು ನೋಡುವ ಅಗತ್ಯವಿದೆ ಎಂದು ಅವರಿಗೆ ಅನ್ನಿಸಿದಾಗಲೇ ಮುಂದಿನ ಬಾಗಿಲು ತೆರೆಯುತ್ತದೆ. ವೈರಸ್‌ನಿಂದ ಬಂದ ಜ್ವರಕ್ಕೆ ಇಲ್ಲಿ ಆ್ಯಂಟಿಬಯಾಟಿಕ್ ಬರೆಯುವುದಿಲ್ಲ, ಕೇಳಿದ ಮಾತ್ರಕ್ಕೆ ಅದು ಔಷಧ ಅಂಗಡಿಯಲ್ಲಿ ಸಿಗುವುದೂ ಇಲ್ಲ. ಪ್ಯಾರಾಸಿಟಮಾಲಿನ ಕಥೆಗಳೆಲ್ಲ ಹುಟ್ಟುವುದು ಇಲ್ಲಿಂದಲೇ, ಮತ್ತು ಬಹುಪಾಲು ಸಂದರ್ಭಗಳಲ್ಲಿ ವೈದ್ಯರು ಮಾಡುವುದು ಸರಿಯೆಂದೇ ನನ್ನ ಎಣಿಕೆ. ಅವರಲ್ಲಿ ಎಷ್ಟೋ ಮಂದಿ ನಮ್ಮ ದೇಶದ ಕಾಲೇಜುಗಳಲ್ಲೇ ಓದಿ ಬಂದವರು ಎಂಬುದನ್ನೂ ಮರೆಯಬೇಡಿ.

ಉಬ್ಬಸದಂಥ ದೀರ್ಘಕಾಲದ ತೊಂದರೆಗಳನ್ನು ನೋಡಿಕೊಳ್ಳುವ ರೀತಿಯಂತೂ ನನಗೆ ಮೆಚ್ಚುಗೆ. ಜಿ.ಪಿ. ಕ್ಲಿನಿಕ್ಕಿನಲ್ಲಿರುವ ನರ್ಸ್ ಕನಿಷ್ಠ ವರ್ಷಕ್ಕೊಮ್ಮೆ ಮಗುವನ್ನು ಕರೆದು, ಇನ್‌ಹೇಲರಿಗೆ ಸ್ಪೇಸರ್ ಎಂಬ ಕೊಳವೆ ಹಚ್ಚಿ ಸರಿಯಾಗಿ ಎಳೆದುಕೊಳ್ಳುತ್ತಿದ್ದಾನೆಯೇ ಎಂದು ನೋಡಿ, ಉಸಿರು ಕಟ್ಟಿದಾಗ ಏನು ಮಾಡಬೇಕೆಂಬುದನ್ನು ಬರೆದುಕೊಡುತ್ತಾರೆ. ಹದಿನಾರರ ಒಳಗಿನ ಮಕ್ಕಳಿಗೆ ಚೀಟಿಯ ಮೇಲಿನ ಔಷಧಕ್ಕೆ ಹಣವಿಲ್ಲ. ಹುಬ್ಬಳ್ಳಿಯ ವೈದ್ಯರ ಚೀಟಿಗಳನ್ನೂ ಲಸಿಕೆಯ ಕಾರ್ಡನ್ನೂ ತಪ್ಪದೆ ತನ್ನಿರಿ; ಬಂದ ಮೊದಲ ವಾರದಲ್ಲೇ ನೋಂದಣಿ ಮಾಡಿಸಿರಿ. ವಿಳಾಸದ ಪುರಾವೆ ಇಲ್ಲವೆಂಬ ಕಾರಣಕ್ಕೆ ನೋಂದಣಿಯನ್ನು ನಿರಾಕರಿಸುವಂತಿಲ್ಲ, ಸ್ವಾಗತದ ಮೇಜಿನವರು ಹಾಗೆಂದರೆ ವಿನಯದಿಂದಲೇ ಇದನ್ನು ನೆನಪಿಸಿರಿ. ರಾತ್ರಿ ಅನುಮಾನವೆನಿಸಿದರೆ ಎನ್‌ಎಚ್‌ಎಸ್ ಸಲಹೆಯ ಸಂಖ್ಯೆ 111ಕ್ಕೆ ಕರೆ ಮಾಡಬಹುದು. ಮಗುವಿನ ತುಟಿ ನೀಲಿಗಟ್ಟಿದರೆ ಅಥವಾ ಮಾತಾಡಲಾಗದಷ್ಟು ಏದುಸಿರು ಬಂದರೆ ಯೋಚಿಸುತ್ತ ಕೂಡದೆ ತುರ್ತು ಸಂಖ್ಯೆ 999ಕ್ಕೆ ಮಾಡಿರಿ.

ಇನ್ನು ಕಾಯುವಿಕೆಯ ವಿಷಯವನ್ನು ಮುಚ್ಚಿಡಲಾರೆ. ಜಿ.ಪಿ. ಬರೆದುಕೊಟ್ಟ 18 ವಾರಗಳೊಳಗೆ ಆಸ್ಪತ್ರೆಯ ಚಿಕಿತ್ಸೆ ಆರಂಭವಾಗಬೇಕೆಂಬ ಗುರಿ ಇಂಗ್ಲೆಂಡಿನಲ್ಲಿ 2016ರ ನಂತರ ಈಡೇರದೆ ಉಳಿದಿದೆ. 2023ರಲ್ಲಿ ಕಾಯುವ ಪಟ್ಟಿ 77 ಲಕ್ಷ ಪ್ರಕರಣಗಳನ್ನು ದಾಟಿತ್ತು. ಜೀವಕ್ಕೆ ಅಪಾಯವಿರುವವರನ್ನು ಮುಂದಕ್ಕೆ ಕರೆಯುತ್ತಾರೆ, ಮೊಣಕಾಲು ನೋವಿನವರು ಕಾಯುತ್ತಾರೆ. ನಮ್ಮವರು ಇಲ್ಲಿ ಸೋಲುವುದು ಸಂಕೋಚದಿಂದ. ಡಾಕ್ಟರು ಹೇಗಿದ್ದೀರಿ ಎಂದರೆ ಚೆನ್ನಾಗಿದ್ದೇವೆ ಎಂದು ಶುರುಮಾಡುತ್ತೇವೆ, ಅವರು ಅದನ್ನೇ ಬರೆದುಕೊಳ್ಳುತ್ತಾರೆ. ಎಷ್ಟು ರಾತ್ರಿ ನಿದ್ದೆ ಕೆಟ್ಟಿತು, ಎಷ್ಟು ದಿನ ಶಾಲೆ ತಪ್ಪಿತು ಎಂದು ಲೆಕ್ಕವಿಟ್ಟು ಹೇಳಿರಿ. ಯಾವ ದಿನದೊಳಗೆ ಕಡಿಮೆಯಾಗದಿದ್ದರೆ ಮತ್ತೆ ಬರಬೇಕೆಂದು ಕೇಳಿಕೊಂಡೇ ಎದ್ದು ಬನ್ನಿ. ತಜ್ಞರಿಗೆ ಬರೆದುಕೊಡುವಾಗ ಯಾವ ಆಸ್ಪತ್ರೆಯೆಂದು ಆರಿಸಿಕೊಳ್ಳುವ ಹಕ್ಕು ಸಾಮಾನ್ಯವಾಗಿ ನಿಮಗಿರುತ್ತದೆ, ದೂರದ ಆಸ್ಪತ್ರೆಯಲ್ಲಿ ಕೆಲವೊಮ್ಮೆ ಪಟ್ಟಿ ಚಿಕ್ಕದಿರುತ್ತದೆ. ಒಳರೋಗಿಯ ಸ್ಥಿತಿ ಹದಗೆಡುತ್ತಿದ್ದರೂ ಯಾರೂ ಕಿವಿಗೊಡುತ್ತಿಲ್ಲ ಎನಿಸಿದರೆ ಮತ್ತೊಂದು ವೈದ್ಯಕೀಯ ತಂಡವನ್ನು ಕರೆಸಿ ನೋಡಿಸುವಂತೆ ಮನೆಯವರೇ ಕೇಳಬಹುದು. ಹೆತ್ತವರ ಆತಂಕಕ್ಕೆ ಬೆಲೆ ಸಿಗದೆ 2021ರಲ್ಲಿ ಸೋಂಕಿನಿಂದ ತೀರಿಕೊಂಡ ಹದಿಮೂರರ ಬಾಲಕಿ ಮಾರ್ತಾ ಮಿಲ್ಸ್ ಹೆಸರಿನಲ್ಲಿ ಈ ನಿಯಮ 2024ರಿಂದ ಆಸ್ಪತ್ರೆಗಳಲ್ಲಿ ಜಾರಿಗೆ ಬರುತ್ತಿದೆ. ಹಾಗೆ ಕೇಳುವುದನ್ನು ಇಲ್ಲಿ ಯಾರೂ ಉದ್ಧಟತನವೆಂದು ಭಾವಿಸುವುದಿಲ್ಲ.

ಹಲ್ಲಿನ ಚಿಕಿತ್ಸೆ ಮಾತ್ರ ನಿಜಕ್ಕೂ ದುರ್ಬಲ. ಹೊಸಬರನ್ನು ಸೇರಿಸಿಕೊಳ್ಳುವ ಎನ್‌ಎಚ್‌ಎಸ್ ದಂತವೈದ್ಯರು ಸಿಗುವುದೇ ಕಷ್ಟ. ನಾನಂತೂ ಬೆಂಗಳೂರಿಗೆ ಹೋದಾಗಲೇ ಮುಗಿಸಿಕೊಂಡು ಬರುತ್ತೇನೆ. ನೀವೂ ಹೊರಡುವ ಮೊದಲು ಒಮ್ಮೆ ತೋರಿಸಿಕೊಳ್ಳಿರಿ.

ಹಣದ ವಿಷಯ ಹೇಳುವುದಾದರೆ, ವೀಸಾದ ಜೊತೆ ಕಟ್ಟುವ ಆರೋಗ್ಯ ಶುಲ್ಕ 2024ರ ಫೆಬ್ರುವರಿಯಿಂದ ವಯಸ್ಕರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776 ಪೌಂಡ್. ನಿಮ್ಮ ಮೂವರಿಗೆ ಅದು ವರ್ಷಕ್ಕೆ 2,846 ಪೌಂಡ್ ಆಗುತ್ತದೆ, ಅದನ್ನೂ ವೀಸಾದ ಪೂರ್ತಿ ಅವಧಿಗೆ ಮುಂಗಡವಾಗಿ ಕಟ್ಟಬೇಕು. ಅತ್ತೆಯವರು ಪ್ರವಾಸಿ ವೀಸಾದಲ್ಲಿ ಬರುವುದರಿಂದ ಈ ಶುಲ್ಕ ಕಟ್ಟಿದವರಿಗೆ ಸಿಗುವ ಎನ್‌ಎಚ್‌ಎಸ್ ರಕ್ಷಣೆ ಅವರಿಗಿಲ್ಲ. ತುರ್ತು ವಿಭಾಗದಲ್ಲಿ ನೋಡುವುದಕ್ಕೆ ದುಡ್ಡು ಕೇಳುವುದಿಲ್ಲ, ಆದರೆ ವಾರ್ಡಿಗೆ ಸೇರಿಸಿಕೊಂಡ ಕ್ಷಣದಿಂದ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬೀಳುತ್ತದೆ. 500 ಪೌಂಡ್ ಅಥವಾ ಅದಕ್ಕೂ ಹೆಚ್ಚಿನ ಬಾಕಿಯನ್ನು ಎರಡು ತಿಂಗಳಾದರೂ ತೀರಿಸದಿದ್ದರೆ ಮುಂದಿನ ವೀಸಾಕ್ಕೂ ತೊಡಕಾಗಬಹುದು. ಆದ್ದರಿಂದ ಅವರಿಗೆ ಪ್ರವಾಸ ವಿಮೆ ಮಾಡಿಸುವಾಗ ಸಕ್ಕರೆ ಕಾಯಿಲೆಯನ್ನೂ ರಕ್ತದೊತ್ತಡವಿದ್ದರೆ ಅದನ್ನೂ ಅರ್ಜಿಯಲ್ಲಿ ಸ್ಪಷ್ಟವಾಗಿ ಬರೆಸಿರಿ. ಅಗ್ಗವಾಗುತ್ತದೆಂದು ಏಜೆಂಟರು ಬಿಡಲು ಹೇಳಿದರೂ ಬಿಡಬೇಡಿ, ಮುಚ್ಚಿಟ್ಟ ಕಾಯಿಲೆಯ ಖರ್ಚನ್ನು ವಿಮೆಯವರು ಕೊಡುವುದಿಲ್ಲ.